ಹಣದ ವಿಚಾರದಲ್ಲಿ ಆಪ್ತ ಯಾರು?

ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಹಂಗಾರಕಟ್ಟೆಯಲ್ಲಿ ಹಳೆಯ ಬೋಟು ಕೊಳ್ಳುವವರು ಮಾರುವವನ ಮಾತನ್ನಷ್ಟೇ ನಂಬಿ ಮುಂಗಡ ಕೊಡುವುದಿಲ್ಲ. ಹಲಗೆ ನೋಡಲು ಬಡಗಿಯನ್ನು, ಎಂಜಿನ್ ನೋಡಲು ಮೆಕ್ಯಾನಿಕ್ಕನ್ನು ಕರೆದೊಯ್ಯುತ್ತಾರೆ. ಅದೇ ಜನರ ಮನೆಗೆ ಮುಂಬೈ ಹೋಟೆಲಿನಿಂದಲೋ ದುಬೈಯಿಂದಲೋ ಮಗನ ಉಳಿತಾಯ ಬಂದಾಗ ಈ ಎಚ್ಚರ ಸಡಿಲಾಗುತ್ತದೆ. ವಿಮೆ ಏಜೆಂಟ್ ಸೋದರತ್ತೆಯ ಮಗ, ಮ್ಯೂಚುವಲ್ ಫಂಡ್ ಫಾರಂ ತಂದವರು ಪರಿಚಯದ ಮೇಷ್ಟ್ರು. ‘ನಮ್ಮೋರೇ ಅಲ್ದಾ’ ಎಂಬ ಒಂದೇ ಮಾತಿನ ಮೇಲೆ ವರ್ಷಗಳ ದುಡಿಮೆಗೆ ಸಹಿ ಬೀಳುತ್ತದೆ.

ಹತ್ತಿರದವರೆಲ್ಲ ಆಪ್ತರೇ?

ಪ್ರಶ್ನೆ ಬಹಳ ಹಳೆಯದು. ಗೌತಮನ ನ್ಯಾಯಸೂತ್ರ ಆಪ್ತನ ಉಪದೇಶವನ್ನು ಪ್ರಮಾಣಗಳಲ್ಲಿ, ಅಂದರೆ ಸರಿಯಾದ ಅರಿವಿನ ಸಾಧನಗಳಲ್ಲಿ, ಒಂದೆಂದು ಒಪ್ಪಿತು. ಅದಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಆಪ್ತನ ಲಕ್ಷಣವನ್ನು ಬಿಡಿಸಿ ಹೇಳಿದ: ವಿಷಯವನ್ನು ನೇರವಾಗಿ ಅರಿತಿರಬೇಕು, ಅರಿತದ್ದನ್ನು ಇದ್ದಂತೆಯೇ ತಿಳಿಸುವ ಇಚ್ಛೆಯಿಂದ ಮಾತಾಡಬೇಕು. ಈ ಲಕ್ಷಣ ಋಷಿಗೂ ಮ್ಲೇಚ್ಛನಿಗೂ ಸಮಾನ ಎಂದೂ ಸೇರಿಸಿದ. ಕುಲ, ನೆಂಟಸ್ತಿಕೆ, ಊರು ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಉಡುಪಿ ಸಮೀಪದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರದು ಇನ್ನೂ ಕಠಿಣ ನಿಲುವು. ವಿಷ್ಣುತತ್ತ್ವವಿನಿರ್ಣಯದಲ್ಲಿ ವೇದ ಯಾರೂ ರಚಿಸಿದ್ದಲ್ಲ ಎಂಬ ಅಪೌರುಷೇಯತ್ವವನ್ನು ಸಾಧಿಸುವಾಗ, ಮನುಷ್ಯನ ಮಾತಿನಲ್ಲಿ ಅಜ್ಞಾನ ಮತ್ತು ವಂಚನೆಯ ಶಂಕೆಗೆ ಅವಕಾಶವಿದೆ ಎಂಬುದನ್ನೇ ಅವರು ಮುಂದಿಡುತ್ತಾರೆ. ಹಣದ ವಿಷಯದಲ್ಲಾದರೋ ಮನುಷ್ಯನ ಮಾತೇ ಗತಿ. ಎರಡೂ ಶಂಕೆಗಳನ್ನು ಕೇಳಿಯೇ ಪರಿಹರಿಸಿಕೊಳ್ಳಬೇಕು.

ಸೋದರತ್ತೆಯ ಮಗನಿಗೆ ವಂಚಿಸುವ ಮನಸ್ಸೇ ಇಲ್ಲದಿರಬಹುದು. ಆದರೆ ದೀರ್ಘಾವಧಿಯ ಎಂಡೋಮೆಂಟ್ ಪಾಲಿಸಿಯಲ್ಲಿ ಮೊದಲ ವರ್ಷದ ಕಂತಿನ ದೊಡ್ಡ ಪಾಲು ಕಮಿಷನ್ ಆಗುತ್ತದೆ. ಟರ್ಮ್ ವಿಮೆಯಲ್ಲಿ ಕಂತೇ ಸಣ್ಣದು, ಏಜೆಂಟರಿಗೆ ಸಿಗುವುದೂ ಕಡಿಮೆ. ಫಂಡಿನ ರೆಗ್ಯುಲರ್ ಪ್ಲಾನಿನಲ್ಲಿ ವಿತರಕರ ಪಾಲು ವರ್ಷವರ್ಷವೂ ಹೂಡಿಕೆದಾರನ ಹಣದಿಂದಲೇ ಹೋಗುತ್ತದೆ. ಆ ಖರ್ಚಿಲ್ಲದ ಡೈರೆಕ್ಟ್ ಪ್ಲಾನ್ 2013ರ ಜನವರಿಯಿಂದ ಇದೆ. ಆ ಖರ್ಚು ವರ್ಷಕ್ಕೆ ಶೇ 1 ಎಂದುಕೊಳ್ಳಿ. ₹10 ಲಕ್ಷ ವರ್ಷಕ್ಕೆ ಶೇ 12ರಂತೆ 20 ವರ್ಷ ಬೆಳೆದರೆ ಸುಮಾರು ₹96 ಲಕ್ಷವಾಗುತ್ತದೆ, ಶೇ 11ರಂತೆ ಬೆಳೆದರೆ ಸುಮಾರು ₹81 ಲಕ್ಷ. ಶೇ 1ರ ವ್ಯತ್ಯಾಸ ಒಂದು ಮನೆಯ ಮಗಳ ಓದಿಗೆ ಸಾಲುವಷ್ಟು ಹಣವನ್ನು ತಿಂದುಹಾಕುತ್ತದೆ.

ಹಾಗೆಂದು ಕಮಿಷನ್ ಪಡೆದವರೆಲ್ಲ ಅಪ್ರಾಮಾಣಿಕರಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆಯಂಥ ಪುಡಿಗಾಸನ್ನು ಮನೆಬಾಗಿಲಲ್ಲೇ ಸಂಗ್ರಹಿಸಿ ಕರಾವಳಿಯ ಬಡವರಿಗೆ ಉಳಿತಾಯ ಕಲಿಸಿದ ಆ ಕೆಲಸಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಪಿಗ್ಮಿ ಏಜೆಂಟರೂ ಕಮಿಷನ್ ಮೇಲೆ ದುಡಿದವರೇ, ಆದರೆ ಅವರು ಬ್ಯಾಂಕಿನ ಪರವಾಗಿ ಬಂದವರೆಂದು ಎಲ್ಲರಿಗೂ ಗೊತ್ತಿತ್ತು. ಮಾರುವವರು ಸಲಹೆಗಾರರ ಪೀಠದಲ್ಲಿ ಕೂತಾಗಲೇ ತೊಡಕು.

ಆ ಪೀಠವನ್ನು ಬೇರೆ ಮಾಡಲೆಂದೇ ಷೇರುಪೇಟೆಯ ನಿಯಂತ್ರಕ ಸೆಬಿ 2013ರಲ್ಲಿ ಹೂಡಿಕೆ ಸಲಹೆಗಾರರ ನಿಯಮ ತಂದಿತು, 2020ರಲ್ಲಿ ಬಿಗಿಗೊಳಿಸಿತು. ಒಂದೇ ಕುಟುಂಬಕ್ಕೆ ಸಲಹೆಯನ್ನೂ ಕೊಟ್ಟು, ಅದೇ ಕುಟುಂಬದ ಹೂಡಿಕೆಯಿಂದ ಕಮಿಷನ್ನೂ ಪಡೆಯುವಂತಿಲ್ಲ. ವಿತರಕರು ಸ್ವತಂತ್ರ ಹಣಕಾಸು ಸಲಹೆಗಾರ ಎಂಬ ಬೋರ್ಡು ಹಾಕುವಂತಿಲ್ಲ. ಸಲಹೆಗಾರರ ನೋಂದಣಿ ಸಂಖ್ಯೆ ‘ಐಎನ್‌ಎ’ ಎಂದು ಶುರುವಾಗುತ್ತದೆ, ಫಂಡ್ ವಿತರಕರದು ‘ಎಆರ್‌ಎನ್’. ಸೆಬಿಯ ಜಾಲತಾಣದಲ್ಲಿ ಹೆಸರು ಹುಡುಕಿ ನೋಡಬಹುದು. ಇಡೀ ದೇಶಕ್ಕೆ ನೋಂದಾಯಿತ ಸಲಹೆಗಾರರು ಸಾವಿರದ ಆಸುಪಾಸು ಇದ್ದಾರೆ, ಹಾಗಾಗಿ ಹಂಗಾರಕಟ್ಟೆಯ ಮನೆಗೆ ಸಿಗುವವರು ಬಹುಶಃ ವಿಡಿಯೋ ಕರೆಯಲ್ಲಿ ಕಾಣುವ ಬೆಂಗಳೂರಿನ ಅಪರಿಚಿತರು. ವಾತ್ಸ್ಯಾಯನನ ಅಳತೆಯಲ್ಲಿ ಅದು ಕೊರತೆಯೇ ಅಲ್ಲ.

ಕೊರತೆ ಬೇರೆ ಕಡೆ ಇರಬಹುದು. ಕಾನೂನು ಕಮಿಷನ್ನಿನ ಆಮಿಷ ತೆಗೆದೀತು, ಈ ಊರಿನ ಬದುಕಿನ ಅರಿವನ್ನು ತುಂಬಲಾರದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಬೋಟು ದಡದಲ್ಲಿರುವಾಗ ಫಂಡಿಗೆ ತಿಂಗಳು ತಿಂಗಳು ಕಟ್ಟುವ ಎಸ್‌ಐಪಿ ಕಂತು ಎಲ್ಲಿಂದ ಬರಬೇಕೆಂದು ತಾವಾಗಿಯೇ ಕೇಳುವವರು ಬೇಕು. ಷೇರಿನ ಮಾತಿಗೆ ಮೊದಲು ಬೋಟಿನ ಸಾಲ ತೀರಿಸಿ, ಆರು ತಿಂಗಳ ಖರ್ಚು ಎತ್ತಿಡಿ ಎನ್ನುವ ಧೈರ್ಯವೂ ಬೇಕು.

ಸಲಹೆ ಕೇಳುವವರ ಪಾಲೂ ಇದರಲ್ಲಿದೆ. ಯಕ್ಷಗಾನ ಮೇಳದ ಆಟ, ತಾಳಮದ್ದಳೆ ನೋಡಿ ಬೆಳೆದ ಈ ಸೀಮೆಗೆ ಮಹಾಭಾರತದ ವಿದುರನ ಪರಿಚಯ ಹೇಳಬೇಕಿಲ್ಲ. ಅವನು ಉಂಡದ್ದು ಧೃತರಾಷ್ಟ್ರನ ಅನ್ನ, ಹೇಳಿದ್ದು ಅಪ್ರಿಯವಾದ ಹಿತ. ದೊರೆ ಸಿಟ್ಟಿನಲ್ಲಿ ಬೇಕಾದಲ್ಲಿಗೆ ಹೋಗೆಂದ, ಮತ್ತೆ ಕರೆಸಿಕೊಂಡ, ಮಾತು ಮಾತ್ರ ನಡೆಸಲಿಲ್ಲ. ಸಂಬಳ ಕೊಟ್ಟವರು ಯಾರೆಂಬುದರಿಂದಲೇ ಸಲಹೆಯ ಗುಣ ತೀರ್ಮಾನವಾಗುವುದಿಲ್ಲ ಎಂಬುದಕ್ಕೆ ವಿದುರನೇ ಸಾಕ್ಷಿ. ಆದರೆ ಅಂಥವರು ವಿರಳ, ಅದಕ್ಕೇ ನಿಯಮ ಬೇಕಾಗುತ್ತದೆ.

ಆದ್ದರಿಂದ ಮೊದಲ ಭೇಟಿಯಲ್ಲೇ ಸಲಹೆಗಾರರನ್ನು ಕೇಳಬೇಕು: ನಿಮಗಾಗಲಿ ನಿಮ್ಮ ಮನೆಯವರಿಗಾಗಲಿ ನನ್ನ ಹೂಡಿಕೆಯಿಂದ ಬೇರೆ ಯಾರಾದರೂ ಹಣ ಕೊಡುತ್ತಾರೆಯೇ? ಶುಲ್ಕವೆಷ್ಟು, ಅದಕ್ಕೆ ಏನೇನು ಸೇರಿದೆ? ಸಹಿ ಮಾಡಬೇಕಾದ ಒಪ್ಪಂದ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದರ ಒಂದೊಂದು ಷರತ್ತನ್ನೂ ಕನ್ನಡದಲ್ಲಿ, ಮನೆಯ ಹೆಂಗಸರನ್ನೂ ಕೂರಿಸಿಕೊಂಡು ವಿವರಿಸಲು ಹೇಳಬೇಕು. ಬೇಸರಪಟ್ಟುಕೊಂಡರೆ ಸಹಿ ಹಾಕದೆ ಇನ್ನೊಬ್ಬರನ್ನು ಹುಡುಕಬಹುದು.