ಬಿಟ್ಟುಹೋದ ಚಿತ್ರಗಳು

ನಮ್ಮ ಮನೆಯ ಟೆಲಿವಿಷನ್ನಿನ ಹಿಂದೆ ಅಂಗೈಯಗಲದ ಯಂತ್ರವೊಂದಿದೆ. 2016ರಲ್ಲಿ ಹೊರಬಂದ ರಾಸ್ಪ್‌ಬೆರಿ ಪೈ 3 ಅದು. ಅದನ್ನು ನಡೆಸುವ ಲಿಬ್ರೆಎಲೆಕ್ ಎಂಬ ಪುಟ್ಟ ಕಾರ್ಯವ್ಯವಸ್ಥೆಗೆ ಕೋಡಿಯ ಮೂಲಕ ಹಾಡು, ಚಿತ್ರ ತೋರಿಸುವುದೊಂದೇ ಕೆಲಸ. ಅದಕ್ಕೆ ಬೇಕಾದಷ್ಟನ್ನು ಬಿಟ್ಟರೆ ಬೇರೆ ಸಂಸಾರವಿಲ್ಲ. ತಂಗಿಯ ಮಗ ಜೋಡಿಸಿಕೊಟ್ಟದ್ದು. ಇಷ್ಟು ದಿನ ಅದರ ಮೇಲೆ ನನ್ನ ದೂರೇನೂ ಇರಲಿಲ್ಲ.

ಅಮ್ಮನ ವರ್ಷಾಬ್ದಿಕ ಮುಗಿದ ರಾತ್ರಿ, ತಂಗಿ ತನ್ನ ಫೋನಿನಲ್ಲಿ ಹಿಡಿದಿದ್ದ ವೀಡಿಯೊ ಹಾಕಿದೆ. ಅಮ್ಮ ಜಗಲಿಯ ಮೇಲೆ ಕುಳಿತು ಹೂ ಕಟ್ಟುತ್ತ ಮಾತಾಡುತ್ತಿದ್ದಾಳೆ. ಮಾತು ಸುಸ್ಪಷ್ಟ. ಕೈ ಮಾತ್ರ ತಡವರಿಸುತ್ತಿದೆ. ಬುಟ್ಟಿಯಲ್ಲಿದ್ದ ಮಲ್ಲಿಗೆ ಮರುಕ್ಷಣವೇ ದಾರದಲ್ಲಿದೆ. ನಡುವೆ ಗಂಟು ಹಾಕಿದ ಬೆರಳು ಕಾಣಲೇ ಇಲ್ಲ. ರಾತ್ರಿ ಹತ್ತು ಗಂಟೆಯೆಂಬುದನ್ನೂ ನೋಡದೆ ಹುಡುಗನಿಗೆ ಫೋನು ಮಾಡಿ, “ಅಗ್ಗದ ಮಾಲು ತಂದು ನನ್ನ ಕೊರಳಿಗೆ ಕಟ್ಟಿದೆಯಲ್ಲೋ” ಎಂದು ಗದರಿದೆ.

ಮರುದಿನ ಬಂದ. ಮೊದಲು ಕರೆಂಟಿನ ಅಡಾಪ್ಟರ್ ಬದಲಿಸಿ ನೋಡಿದ; ಪ್ರಯೋಜನವಾಗಲಿಲ್ಲ. ಆಮೇಲೆ ವೈಫೈ ಮೇಲಿನ ಅನುಮಾನ ತೀರಲೆಂದು ವೀಡಿಯೊವನ್ನು ಪೆನ್‌ಡ್ರೈವಿಗೆ ಹಾಕಿದ. ಎರಡನ್ನೂ ಒಟ್ಟಿಗೇ ಮಾಡಬಾರದೇಕೆ ಎಂದೆ. “ಒಂದೊಂದೇ ಬದಲಿಸಬೇಕು, ಮಾವ. ಇಲ್ಲದಿದ್ದರೆ ತಪ್ಪು ಯಾವುದರದೆಂದು ತಿಳಿಯುವುದು ಹೇಗೆ?” ಹಿಂದಿನ ರಾತ್ರಿ ಒಂದನ್ನೂ ನೋಡದೆ ತೀರ್ಪು ಕೊಟ್ಟವನು ನಾನು, ಸುಮ್ಮನಾದೆ.

ಕೊನೆಗೆ ತೆರೆಯ ಮೇಲೆ ಒಂದು ಪಟ್ಟಿ ಮೂಡಿಸಿದ. ವೀಡಿಯೊ ಎಚ್.ಇ.ವಿ.ಸಿ. ರೀತಿಯಲ್ಲಿ ಒತ್ತಿಟ್ಟದ್ದು, ಸೆಕೆಂಡಿಗೆ 60 ಚಿತ್ರ. ಒಂದೊಂದು ಚಿತ್ರದಲ್ಲೂ 1920ಕ್ಕೆ 1080ರಂತೆ ಇಪ್ಪತ್ತು ಲಕ್ಷಕ್ಕೂ ಮೀರಿದ ಚುಕ್ಕೆಗಳು. ಹಳೆಯ ಎಚ್.264 ರೀತಿಯನ್ನು ಬಿಡಿಸಲು ಈ ಯಂತ್ರದ ಚಿಪ್ಪಿನಲ್ಲಿ ಪ್ರತ್ಯೇಕ ಅಂಗವಿದೆ; ಹೊಸದಕ್ಕೆ ಇಲ್ಲ. ಆದ್ದರಿಂದ ಪ್ರೊಸೆಸರ್ ತನ್ನ ನಾಲ್ಕು ಭಾಗಗಳನ್ನೂ ದುಡಿಸಿ ಬರೀ ಲೆಕ್ಕದ ಬಲದಿಂದ ಬಿಡಿಸುತ್ತಿತ್ತು. ಒಂದು ಚಿತ್ರಕ್ಕೆ ಸಿಗುವ ಅವಧಿ ಸೆಕೆಂಡಿನ ಅರವತ್ತನೆಯ ಒಂದು ಪಾಲು. ತಡವಾದರೆ ಆ ಚಿತ್ರವನ್ನು ತೋರಿಸದೆಯೇ ಎಸೆಯಬೇಕು. ಯಂತ್ರ ಶಬ್ದವನ್ನು ಗಡಿಯಾರವಾಗಿ ಹಿಡಿದು ಚಿತ್ರವನ್ನು ಅದಕ್ಕೆ ಹೊಂದಿಸುತ್ತದೆಯಂತೆ. ಕಿವಿ ಕ್ಷಮಿಸುವುದಿಲ್ಲ, ಕಣ್ಣು ಅಷ್ಟಿಷ್ಟು ಕ್ಷಮಿಸುತ್ತದೆ.

ಹುಡುಗ ಇದನ್ನು ಸಹಜವಾಗಿಯೇ ಹೇಳಿದ. ನನಗೆ ಮಾತ್ರ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಅಮ್ಮನ ಕೊನೆಯ ಮೂರು ವರ್ಷ ನಾನು ನಡೆದುಕೊಂಡದ್ದೂ ಈ ನಿಯಮದಂತೆಯೇ. ಭಾನುವಾರದ ಫೋನು ಒಮ್ಮೆಯೂ ತಪ್ಪಲಿಲ್ಲ. ಊರಿಗೆ ಹೋಗುವುದನ್ನು ಮಾತ್ರ, ಕಛೇರಿಯ ಕೆಲಸ ಹೆಚ್ಚಿದಾಗಲೆಲ್ಲ, ಬಿಟ್ಟೆ. ಧ್ವನಿ ಅಖಂಡವಾಗಿದ್ದುದರಿಂದ ಏನೂ ತಪ್ಪಿಲ್ಲವೆಂದು ನಂಬಿದ್ದೆ. ಶಕ್ತಿ ಮೀರಿದಾಗ ಏನನ್ನಾದರೂ ಬಿಡಬೇಕಾದದ್ದು ಯಂತ್ರಕ್ಕೂ ಮನುಷ್ಯನಿಗೂ ಒಂದೇ, ಅದನ್ನು ಅಪರಾಧವೆನ್ನಲಾರೆ. ಆದರೆ ಯಂತ್ರಕ್ಕೆ ಆ ಅಂಗವೇ ಇರಲಿಲ್ಲ. ನನಗೆ ಇರಲಿಲ್ಲವೇ? ಈ ಪ್ರಶ್ನೆಯನ್ನು ನಾನಿನ್ನೂ ದಾಟಿಲ್ಲ.

ಹುಡುಗ ತನ್ನ ಕಂಪ್ಯೂಟರಿನಲ್ಲಿ ವೀಡಿಯೊವನ್ನು ಎಚ್.264ಕ್ಕೆ ಬದಲಿಸಿದ, ಸೆಕೆಂಡಿಗೆ 30 ಚಿತ್ರದಂತೆ. ಅಂದರೆ ಅರ್ಧಕ್ಕರ್ಧ ಚಿತ್ರಗಳು ಈಗಲೂ ಇಲ್ಲ. ಆದರೂ ಅಮ್ಮನ ಕೈ ನೀರಿನಂತೆ ಹರಿಯಿತು. ಇದು ಹೇಗೆಂದು ಕೇಳಿದೆ. ಒಂದು ಬಿಟ್ಟು ಒಂದರಂತೆ ಕ್ರಮವಾಗಿ ಬಿಟ್ಟದ್ದರಿಂದ ಕಣ್ಣಿಗೆ ತಿಳಿಯುವುದಿಲ್ಲ; ಮೊದಲು ಒಂದು ಕಡೆ ಎರಡು, ಇನ್ನೊಂದು ಕಡೆ ಹತ್ತು ಹೋಗುತ್ತಿದ್ದುದರಿಂದ ಕುಪ್ಪಳಿಸುತ್ತಿತ್ತು ಎಂದ. ಒಮ್ಮೆ ಎಂಟು ತಿಂಗಳು ಹೋಗದೆ, ಆಮೇಲೆ ಎರಡು ದಿನಕ್ಕೆ ಮೂರು ಸೀರೆ ಹೊತ್ತು ಹೋಗಿದ್ದೆ. ಅಮ್ಮ ಸೀರೆ ಬಿಚ್ಚಿಯೂ ನೋಡಲಿಲ್ಲ. ನನ್ನ ತಲೆ ನೋಡಿ, ಕೂದಲು ಯಾವಾಗ ಇಷ್ಟು ನರೆಯಿತೋ ಎಂದಿದ್ದಳು.

“ಹಳೆಯದನ್ನು ಅಳಿಸಲೇ, ಮಾವ? ಜಾಗ ತಿನ್ನುತ್ತದೆ” ಎಂದ ಹುಡುಗ.

ಬೇಡ, ಇರಲಿ ಎಂದೆ. ರಾತ್ರಿ ಗದರಿದ್ದಕ್ಕೆ ಬೇಸರಪಟ್ಟುಕೊಳ್ಳಬೇಡ ಎಂದೂ ಹೇಳಿದೆ. ಅವನು ನಕ್ಕು ಅಡಾಪ್ಟರನ್ನು ಚೀಲಕ್ಕೆ ಹಾಕಿಕೊಂಡ.