ಕೊಟ್ಟ ರಕ್ತ ಯಾರದು?

1990ರಲ್ಲಿ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯಾಳದ ಹವಸುಪಾಯಿ ಬುಡಕಟ್ಟಿನವರು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ರಕ್ತ ಕೊಡತೊಡಗಿದರು. ಸಕ್ಕರೆ ಕಾಯಿಲೆಗೆ ಎಳೆಯರೂ ಕಾಲು ಕಳೆದುಕೊಳ್ಳುತ್ತಿದ್ದ ಕಾಲ. ಕಾರಣ ತಿಳಿದರೆ ಮಕ್ಕಳಾದರೂ ಉಳಿದಾರು ಎಂಬ ಆಸೆ. ಅದೇ ರಕ್ತ ಆಮೇಲೆ ಸ್ಕಿಜೋಫ್ರೇನಿಯಾ, ರಕ್ತಸಂಬಂಧಿಗಳೊಳಗಿನ ಸಂತಾನ, ಪೂರ್ವಿಕರ ವಲಸೆಯ ಅಧ್ಯಯನಗಳಿಗೂ ಹೋಯಿತು. ತಾವು ಹುಟ್ಟಿದ್ದು ಈ ಕಣಿವೆಯಲ್ಲೇ, ಇದನ್ನು ಕಾಯುವುದೇ ತಮ್ಮ ಧರ್ಮ ಎಂದು ನಂಬಿದವರ ವಿರುದ್ಧ ಅವರ ರಕ್ತವೇ ಸಾಕ್ಷಿ ನುಡಿಯುವಂತಾಯಿತು.

ರಕ್ತದಾನ ಎನ್ನುತ್ತೇವೆ ನಾವು. ಕೊಟ್ಟ ಮೇಲೆ ಹಕ್ಕೆಲ್ಲಿ ಎಂಬ ವಾದ ಹುಟ್ಟುವುದೂ ಆ ಪದದಿಂದಲೇ. ಆದರೆ ದಾನಕ್ಕೂ ಸಂಕಲ್ಪವಿದೆ. ಗೋಮಾಳಕ್ಕೆ ಬಿಟ್ಟ ನೆಲದಲ್ಲಿ ಅಂಗಡಿ ಕಟ್ಟಿದರೆ ಊರು ಸುಮ್ಮನಿರುವುದಿಲ್ಲ. ರೋಗಿಯ ಮಾಹಿತಿ, ನನ್ನ ಮಟ್ಟಿಗೆ, ನಂಬಿ ಒಪ್ಪಿಸಿದ ಇಡುಗಂಟು. ಸಹಿ ಹಾಕಿದ ಕಾಗದದಲ್ಲಿ ವರ್ತನೆಯ ಹಾಗೂ ವೈದ್ಯಕೀಯ ತೊಂದರೆಗಳೆಂದು ಇತ್ತಲ್ಲ ಎನ್ನಬಹುದು. ಇತ್ತು, ನಿಜ. ಆದರೆ ಇಂಗ್ಲಿಷ್ ಎರಡನೆಯ ಭಾಷೆಯಾದ ಎಷ್ಟೋ ಮಂದಿಗೆ ಬಾಯಲ್ಲಿ ಕೇಳಿದ ಸಕ್ಕರೆ ಕಾಯಿಲೆಯೇ ಒಪ್ಪಂದ. ಹೆಸರು ಅಳಿಸಿದರೆ ಸಾಲದೇ? ಸುಮಾರು 650 ಜನರ ಕುಲದಲ್ಲಿ ವ್ಯಕ್ತಿಯ ಹೆಸರು ಅಳಿದರೂ ಕುಲದ ಹೆಸರು ಉಳಿದು, ಕಳಂಕ ಎಲ್ಲರಿಗೂ ತಟ್ಟುತ್ತದೆ. ಪ್ರತಿ ಪ್ರಶ್ನೆಗೂ ಅನುಮತಿ ಕೇಳುತ್ತ ಕೂತರೆ ಮದ್ದು ತಡವಾಗಿ ಯಾರೋ ಸಾಯುತ್ತಾರೆ ಎಂಬ ಮಾತಿಗೆ ಮಾತ್ರ ಸುಲಭದ ಉತ್ತರವಿಲ್ಲ. ಆದರೂ ನಂಬಿ ಕೆಟ್ಟವರು ಮತ್ತೆ ತೋಳು ಚಾಚುವುದಿಲ್ಲ. ಆಗಲೂ ಮದ್ದು ತಡವಾಗುತ್ತದೆ. 2010ರಲ್ಲಿ ವಿಶ್ವವಿದ್ಯಾಲಯದೊಡನೆ ರಾಜಿಯಾಗಿ ಬುಡಕಟ್ಟಿನ 41 ಮಂದಿಗೆ 7 ಲಕ್ಷ ಡಾಲರ್ ಸಂದಿತು. ಫ್ರೀಜರ್‌ನಲ್ಲಿ ಉಳಿದಿದ್ದ ರಕ್ತವನ್ನು ಒಯ್ಯಲು ಬಂದವರು ಅದರೆದುರು ಹಾಡಿದರು, ಅತ್ತರು. ಕೊಟ್ಟವರಲ್ಲಿ ಕೆಲವರು ಅಷ್ಟರಲ್ಲಿ ತೀರಿಕೊಂಡಿದ್ದರು.