ದೊಡ್ಡ ನಾಯಿಯ ಋಣ

ದೊಡ್ಡ ನಾಯಿಯೊಂದನ್ನು ಹಿಡಿದು ಬೀದಿಯಲ್ಲಿ ನಡೆಯುವವರಿಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಷ್ಟು ಕೆಜಿ ಇದೆ? ದಿನಕ್ಕೆ ಎಷ್ಟು ತಿನ್ನುತ್ತೆ? ಎಷ್ಟು ಕೊಟ್ಟು ತಂದ್ರಿ? ಕಚ್ಚುತ್ತಾ? ನಾಲ್ಕು ವರ್ಷಗಳಿಂದ ಮೈಸೂರಿನ ಬೀದಿಗಳಲ್ಲಿ ಇವಕ್ಕೆ ಉತ್ತರ ಹೇಳುತ್ತ ಬಂದಿದ್ದೇನೆ. ಅರವತ್ತೈದು ಕೆಜಿ. ಎರಡು ಹೊತ್ತು ಸೇರಿದರೆ ಒಂದು ಪುಟ್ಟ ಸಂಸಾರದ ಊಟದಷ್ಟು. ಕೊಂಡವಳು ನಾನಲ್ಲ. ಇವತ್ತಿನವರೆಗೆ ಯಾರನ್ನೂ ಕಚ್ಚಿಲ್ಲ. ಇವು ಬರೀ ಕುತೂಹಲದ ಪ್ರಶ್ನೆಗಳೆಂದು ನಕ್ಕು ಮುಂದೆ ಹೋಗಬಹುದು. ಆದರೆ ನಾಲ್ಕೂ ಒಂದಲ್ಲ ಒಂದು ಬಗೆಯಲ್ಲಿ ಬೆಲೆಯನ್ನು ಕುರಿತವು. ಒಂದು ಪ್ರಾಣಿ ಇಷ್ಟು ದೊಡ್ಡದಾಗಿರಲಿ ಎಂದು ಬಯಸಿದವರು ಯಾರು, ಆ ದೊಡ್ಡತನದ ಖರ್ಚನ್ನು ಹೊರುತ್ತಿರುವವರು ಯಾರು ಎಂಬ ದೊಡ್ಡ ಪ್ರಶ್ನೆ ಇವುಗಳ ಹಿಂದೆ ಇದೆ. ಈ ಬರಹ ಅದರ ಬಗ್ಗೆ.

ಭೀಮ ಒಂದು ಗ್ರೇಟ್ ಡೇನ್. ನಾನು ಬಾಡಿಗೆಗಿರುವ ಮಹಡಿಯ ಕೋಣೆಯ ಕೆಳಗೆ, ಮಾಲೀಕರ ಮನೆಯಲ್ಲಿ ಅವನ ವಾಸ. ಮನೆಯ ಮಗ ಎರಡು ತಿಂಗಳ ಮರಿಯಾಗಿದ್ದಾಗ ಅವನನ್ನು ತಂದರು, ವರ್ಷ ತುಂಬುವುದರೊಳಗೆ ಹೊರದೇಶದ ಕೆಲಸಕ್ಕೆ ಹೋದರು. ಉಳಿದವರು ಅರವತ್ತು ದಾಟಿದ ಗಂಡ ಹೆಂಡತಿ. ಬೆಕ್ಕೊಂದು ಅಡ್ಡ ಬಂದರೆ ಭೀಮನನ್ನು ಹಿಡಿದು ನಿಲ್ಲಿಸುವ ಕಸುವು ಅವರಿಬ್ಬರಲ್ಲೂ ಇಲ್ಲ. ಹಾಗಾಗಿ ನಾನು ಮನೆಗೆ ಬಂದ ಎರಡನೆಯ ವಾರದಿಂದಲೇ ಬೆಳಗಿನ ಸುತ್ತಾಟ ನನ್ನ ಪಾಲಿಗೆ ಬಂತು. ಪಿಎಚ್‌ಡಿ ಮಾಡುವವರ ಬಳಿ ಬೇಕಾದಷ್ಟು ಸಮಯವಿರುತ್ತದೆ ಎಂಬುದು ಲೋಕದ ನಂಬಿಕೆ. ನಾನದನ್ನು ಅಲ್ಲಗಳೆಯಲು ಹೋಗಲಿಲ್ಲ. ಆಗ ಅವನಿಗೆ ಮೂರು ವರ್ಷ, ಈಗ ಏಳು. ಈ ತಳಿಯ ನಾಯಿಗಳ ಆಯಸ್ಸು ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ. ನಾನು ಪ್ರಬಂಧದ ಎರಡು ಅಧ್ಯಾಯ ಬರೆದು ಮುಗಿಸುವಷ್ಟರಲ್ಲಿ ಅವನು ಯೌವನ ಕಳೆದು ಮುದುಕನಾದ.

ಸುಖದ ಮಾತನ್ನು ಮೊದಲು ಹೇಳಬೇಕು. ಪ್ರಾಣಿಗಳನ್ನು ಕುರಿತ ನೀತಿಚರ್ಚೆಗಳಲ್ಲಿ ಅದು ಬೇಗ ಮರೆತುಹೋಗುತ್ತದೆ. ಸಣ್ಣ ನಾಯಿ ಅಡ್ಡ ಬಂದರೆ ಎತ್ತಿ ಪಕ್ಕಕ್ಕಿಡಬಹುದು. ಭೀಮ ಬಾಗಿಲಿಗೆ ಅಡ್ಡ ಮಲಗಿದರೆ ಅವನನ್ನು ಒಪ್ಪಿಸಬೇಕು, ಇಲ್ಲವೇ ದಾಟಬೇಕು. ನಿಂತಲ್ಲೇ ಕೈ ಇಳಿಬಿಟ್ಟರೆ ಅವನ ತಲೆ ಅಂಗೈಗೆ ಸಿಗುತ್ತದೆ. ಈ ತಳಿಗೆ ಮನುಷ್ಯರಿಗೆ ಒರಗಿ ನಿಲ್ಲುವ ಅಭ್ಯಾಸ. ಅವನು ಬಂದು ತೊಡೆಗೆ ಒರಗಿದಾಗ ನಾನು ಕಾಲು ಊರಿ ನಿಲ್ಲದಿದ್ದರೆ ಇಬ್ಬರೂ ಬೀಳುತ್ತೇವೆ. ಗುಡುಗಿದರೆ ನನ್ನ ಕೋಣೆಗೆ ಓಡಿ ಬಂದು ಮಂಚದಡಿ ತೂರಲು ನೋಡುತ್ತಿದ್ದ. ತಲೆ ಒಳಗೆ, ಉಳಿದ ದೇಹವೆಲ್ಲ ಹೊರಗೆ. ಹಾಗಿದ್ದೂ ತಾನು ಪೂರ್ತಿ ಅಡಗಿದ್ದೇನೆ ಎಂದು ನಂಬಿ ಸುಮ್ಮನಾಗುತ್ತಿದ್ದ. ಇಷ್ಟು ದೊಡ್ಡ ಜೀವವೊಂದು ನಮ್ಮನ್ನು ನಂಬಿ ಮೈಬಿಟ್ಟು ನಿದ್ದೆಹೋಗುವುದನ್ನು ನೋಡುವುದರಲ್ಲಿ ಒಂದು ನೆಮ್ಮದಿಯಿದೆ. ಅದನ್ನು ಬರೀ ಭಾವುಕತೆ ಎಂದು ತಳ್ಳಿಹಾಕಲಾರೆ.

ಇನ್ನೊಂದು ಸುಖ ಇಷ್ಟು ಸರಳವಲ್ಲ. ಭೀಮ ಜೊತೆಗಿದ್ದರೆ ಬೆಳಿಗ್ಗೆ ಐದು ಗಂಟೆಯ ಕತ್ತಲ ರಸ್ತೆ ನನ್ನದಾಗುತ್ತದೆ. ಆ ಹೊತ್ತಿನಲ್ಲಿ ಒಬ್ಬಳೇ ಹೊರಟರೆ ಹಿಂದಿನಿಂದ ಬರುವ ಪ್ರತಿ ಬೈಕಿನ ಸದ್ದಿಗೂ ಕಿವಿ ನಿಮಿರುತ್ತದೆ. ಅವನ ಹಗ್ಗ ಕೈಯಲ್ಲಿದ್ದರೆ ಕೈಬೀಸಿ ನಡೆಯುತ್ತೇನೆ, ನಿಂತು ಹೊಂಗೆಯ ಹೂವು ನೋಡುತ್ತೇನೆ. ನನ್ನ ವಯಸ್ಸಿನ ಹೆಣ್ಣುಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ಪೊರಕೆ ಹಿಡಿದು ಬರುವ ಪೌರಕಾರ್ಮಿಕ ಮಹಿಳೆ ನಮ್ಮನ್ನು ಕಂಡು ಗೋಡೆಗೆ ಆತು ನಿಲ್ಲುತ್ತಾರೆ. ಪೇಪರ್ ಹಾಕುವ ಹುಡುಗ ಸೈಕಲ್ ತಿರುಗಿಸಿ ಪಕ್ಕದ ಗಲ್ಲಿಗೆ ಹೋಗುತ್ತಾನೆ. ‘ಏನೂ ಮಾಡಲ್ಲ, ಪಾಪದ ನಾಯಿ’ ಎಂದು ನಾನು ಹೇಳಬಹುದು. ಎಲ್ಲ ಮಾಲೀಕರೂ ಹೇಳುವ ಮಾತು ಅದೇ. ಕೇಳುವವರ ಕಣ್ಣಿಗೆ ಕಾಣುವುದು ಭೀಮನ ಸ್ವಭಾವವಲ್ಲ, ಗಾತ್ರ. ನನಗೆ ಸಿಕ್ಕ ಧೈರ್ಯದ ಒಂದು ಪಾಲು ಅವರಿಂದ ಕಿತ್ತುಕೊಂಡದ್ದು. ಗಂಡಸಿನ ಭಯದಿಂದ ನನ್ನನ್ನು ಕಾಯುವ ದೇಹವೇ ನನಗಿಂತ ಬಡವಳಾದ ಹೆಂಗಸನ್ನು ಗೋಡೆಗೆ ಒತ್ತುತ್ತದೆ. ಬಂಗಲೆಗಳ ಗೇಟಿನ ‘ನಾಯಿ ಇದೆ ಎಚ್ಚರಿಕೆ’ ಎಂಬ ಫಲಕವನ್ನು ಹೆಚ್ಚಾಗಿ ಓದಬೇಕಾಗಿ ಬರುವುದು ಆ ಮನೆಗೆ ಕಾರಿನಲ್ಲಿ ಬರುವ ನೆಂಟರಲ್ಲ. ಹಾಲು, ಹೂವು, ತರಕಾರಿ ತರುವವರು.

ಗಾತ್ರಕ್ಕೆ ಹಿಂದೆ ಒಂದು ಕೆಲಸವಿತ್ತು. ಗ್ರೇಟ್ ಡೇನ್‌ನ ಹಿರೀಕರನ್ನು ಜರ್ಮನಿಯ ಅರಸರು, ಶ್ರೀಮಂತರು ಕಾಡುಹಂದಿಯ ಬೇಟೆಗಾಗಿ ಬೆಳೆಸಿದರು. ಹಂದಿ ಬೇಟೆಯ ನಾಯಿಗೆ ನಮ್ಮಲ್ಲೇ ಒಂದು ಸ್ಮಾರಕವಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಾಸನ ಅದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರ ಮೆಚ್ಚುಗೆಯಾಗಿ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದು ಎಂಬ ಕಟ್ಟಳೆಯನ್ನೂ ಮಾಡಿದರು. ಬೇಟೆಯ ಹಿಂಸೆಯನ್ನು ನಾನು ಮೆಚ್ಚುವುದಿಲ್ಲ. ಆದರೆ ಆ ಜನರಿಗೆ ಒಂದು ವಿಷಯ ಸ್ಪಷ್ಟವಾಗಿತ್ತು: ನಾಯಿ ತಮಗಾಗಿ ಸತ್ತಿತು, ಆದ್ದರಿಂದ ತಾವು ಅದಕ್ಕೆ ಬಾಕಿಯಿದ್ದೇವೆ.

ಕೆಲಸ ಹೋದ ಮೇಲೂ ಗಾತ್ರ ಉಳಿಯಿತು, ಕೆಲವು ಕಡೆ ಬೆಳೆಯಿತು. ಆಲ್ಪ್ಸ್ ಪರ್ವತದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆಯ ಮಠದಲ್ಲಿ ಹಿಮದಲ್ಲಿ ಸಿಕ್ಕಿಕೊಂಡವರನ್ನು ಹುಡುಕುತ್ತಿದ್ದ ನಾಯಿಗಳಲ್ಲಿ ಬ್ಯಾರಿ ಹೆಸರುವಾಸಿ. 1800ರಿಂದ 1814ರವರೆಗೆ ಬದುಕಿದ್ದ ಅವನು ನಲವತ್ತು ಜನರನ್ನು ಉಳಿಸಿದನೆಂದು ಪ್ರತೀತಿ. ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ಅವನ ದೇಹವನ್ನು ಇಂದಿಗೂ ಕಾಯ್ದಿಟ್ಟಿದ್ದಾರೆ. ಇಂದಿನ ಸೇಂಟ್ ಬರ್ನಾರ್ಡ್ ನಾಯಿಗಳ ಮುಂದೆ ಆ ಬ್ಯಾರಿ ಬಹಳ ಸಣ್ಣವನು. ಹಿಮದಲ್ಲಿ ಓಡಬೇಕಾದ ನಾಯಿಗೆ ಅಷ್ಟೇ ಮೈ ಸಾಕಿತ್ತು. ಪ್ರದರ್ಶನದ ಅಂಗಳಕ್ಕೆ, ಸಿನಿಮಾದ ಪರದೆಗೆ, ಶ್ರೀಮಂತರ ಹಜಾರಕ್ಕೆ ಇನ್ನೂ ಹೆಚ್ಚು ಬೇಕಾಯಿತು. ಆ ತಳಿಯ ನಾಯಿಗಳು ಇಂದು ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಏಸಿಯ ಮುಂದೆ ನಾಲಿಗೆ ಚಾಚಿ ಮಲಗಿರುತ್ತವೆ.

ಈ ಹೆಚ್ಚುವರಿ ಗಾತ್ರಕ್ಕೆ ನಾಯಿ ಕೊಡುವ ಬೆಲೆಯನ್ನು ಲೆಕ್ಕ ಹಾಕಿದವರಿದ್ದಾರೆ. ಪ್ರಾಣಿಜಗತ್ತಿನಲ್ಲಿ ಸಾಮಾನ್ಯವಾಗಿ ದೊಡ್ಡ ಜೀವಿಗಳೇ ಹೆಚ್ಚು ಬದುಕುತ್ತವೆ. ಆನೆಯ ಆಯಸ್ಸು ಇಲಿಗೆ ಇಲ್ಲ. ನಾಯಿಗಳಲ್ಲಿ ಮಾತ್ರ ಇದು ತಿರುವುಮುರುವು. 74 ತಳಿಗಳ 50 ಸಾವಿರಕ್ಕೂ ಹೆಚ್ಚು ನಾಯಿಗಳ ದಾಖಲೆಯನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ದೊಡ್ಡ ನಾಯಿಗಳು ಬೇಗ ಸಾಯುವುದಕ್ಕೆ ಮುಖ್ಯ ಕಾರಣ ಅವು ಬೇಗ ಮುದಿಯಾಗುವುದು. ದೇಹತೂಕದಲ್ಲಿ ಪ್ರತಿ 2 ಕೆಜಿ ಹೆಚ್ಚಳಕ್ಕೆ ಸರಾಸರಿ ಆಯಸ್ಸಿನಲ್ಲಿ ಸುಮಾರು ಒಂದು ತಿಂಗಳು ಕಡಿಮೆ. 15 ಕೆಜಿಯ ನಾಯಿಗೂ 65 ಕೆಜಿಯ ಭೀಮನಿಗೂ ನಡುವೆ ಹೀಗೆ ಎರಡು ವರ್ಷಗಳ ಅಂತರ. ಇದರ ಮೇಲೆ ಸೊಂಟದ ಕೀಲಿನ ಸವೆತ, ಹೃದಯದ ತೊಂದರೆ, ಹೊಟ್ಟೆಯುಬ್ಬರ. ಎದೆ ಆಳವಾಗಿರುವ ದೊಡ್ಡ ತಳಿಗಳಲ್ಲಿ ಜಠರ ಗಾಳಿ ತುಂಬಿ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಸಾವು. ಔಷಧದ ಪ್ರಮಾಣ ತೂಕದ ಮೇಲೆ ನಿರ್ಧಾರವಾಗುವುದರಿಂದ ಪ್ರತಿ ಕಾಯಿಲೆಯ ಖರ್ಚೂ ಗಾತ್ರದಷ್ಟೇ ದೊಡ್ಡದು. ರಾತ್ರಿ ಹನ್ನೊಂದಕ್ಕೆ ನಾಯಿ ಏಳಲಾರದೆ ಬಿದ್ದರೆ ಅದನ್ನು ಕಾರಿಗೆ ಹಾಕಲು ಮೂರು ಜನ ಬೇಕು ಎಂಬುದು ಮರಿ ಕೊಳ್ಳುವ ದಿನ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ಇಲ್ಲಿ ನನ್ನ ಓದಿನ ಕೋಣೆಯಿಂದ ಒಂದು ಆಕ್ಷೇಪ ಏಳುತ್ತದೆ. ಡೆರೆಕ್ ಪಾರ್ಫಿಟ್ ಎಂಬ ಬ್ರಿಟಿಷ್ ತತ್ವಜ್ಞಾನಿ 1984ರ ‘ರೀಸನ್ಸ್ ಅಂಡ್ ಪರ್ಸನ್ಸ್’ ಗ್ರಂಥದಲ್ಲಿ ಒಂದು ಒಗಟನ್ನು ಮುಂದಿಟ್ಟ. ಅದನ್ನು ಭೀಮನಿಗೆ ಅನ್ವಯಿಸಿದರೆ ಹೀಗಾಗುತ್ತದೆ: ದೊಡ್ಡ ಗಾತ್ರಕ್ಕಾಗಿ ತಲೆಮಾರುಗಳಿಂದ ಆಯ್ದು ಆಯ್ದು ಕೂಡಿಸದಿದ್ದರೆ ಭೀಮ ಹುಟ್ಟುತ್ತಲೇ ಇರಲಿಲ್ಲ. ಅವನ ಬದಲು ಬೇರೊಂದು ನಾಯಿ ಹುಟ್ಟುತ್ತಿತ್ತು. ಅವನ ಎಂಟು ವರ್ಷದ ಬದುಕು ಒಟ್ಟಾರೆ ಸುಖದ್ದೇ. ಹಾಗಾದರೆ ಅನ್ಯಾಯವಾದದ್ದು ಯಾರಿಗೆ? ಹದಿನಾಲ್ಕು ವರ್ಷ ಬದುಕಬಹುದಾಗಿದ್ದ ಭೀಮ ಎಲ್ಲೂ ಇಲ್ಲ. ದೂರು ಕೊಡಲು ಫಿರ್ಯಾದಿಯೇ ಇಲ್ಲ. ಪಾರ್ಫಿಟ್‌ನೂ ಇಂಥ ಆಯ್ಕೆಗಳಲ್ಲಿ ತಪ್ಪಿದೆ ಎಂದೇ ನಂಬಿದ್ದ; ಅದನ್ನು ಪೂರ್ತಿ ವಿವರಿಸುವ ಸಿದ್ಧಾಂತ ತನಗೆ ಸಿಗಲಿಲ್ಲ ಎಂದು ಒಪ್ಪಿಕೊಂಡ.

ನನಗೆ ತೋಚುವ ದಾರಿ ಇದು. ಹುಟ್ಟಿದ ನಾಯಿಗೆ ಆದ ನಷ್ಟವನ್ನೇ ಹುಡುಕುತ್ತ ಕೂತರೆ ನಾವು ತಪ್ಪಿಸಿಕೊಳ್ಳುತ್ತೇವೆ. ಕೇಳಬೇಕಾದದ್ದು ಆಯ್ಕೆ ಮಾಡಿದವರ ಬಗ್ಗೆ: ಯಾವ ಕಾರಣಕ್ಕಾಗಿ ಇಂಥ ದೇಹವನ್ನು ಹುಟ್ಟಿಸಿದರು? ಹೀಗೆ ಆದರೆ ಬೇಗ ಸವೆಯುತ್ತದೆ ಎಂದು ಗೊತ್ತಿದ್ದೂ, ನೋಡಲು ಚೆನ್ನಾಗಿರುತ್ತದೆ ಎಂಬ ಕಾರಣಕ್ಕೆ ಹುಟ್ಟಿಸುವುದು ಒಂದು ಜೀವವನ್ನು ನಮ್ಮ ಕಣ್ಣಿನ ರುಚಿಗೆ ಅಡವಿಡುವ ಕೆಲಸ. ಪ್ರೀತಿ ಅದನ್ನು ಅಳಿಸುವುದಿಲ್ಲ. ಭೂಗೋಳ ವಿದ್ವಾಂಸ ಯಿ-ಫು ತುವಾನ್ ಅದೇ 1984ರಲ್ಲಿ ಸಾಕುಪ್ರಾಣಿಗಳ ಕುರಿತು ಬರೆದ ಪುಸ್ತಕದಲ್ಲಿ, ಅಧಿಕಾರದ ಜೊತೆ ಅಕ್ಕರೆ ಬೆರೆತಾಗ ಸಾಕುಪ್ರಾಣಿ ತಯಾರಾಗುತ್ತದೆ ಎಂದು ವಾದಿಸಿದ. ಭೀಮನ ಕೊರಳ ಪಟ್ಟಿಯನ್ನು ದಿನಾ ಬಿಗಿಯುವ ನನಗೆ ಇದನ್ನು ಅಲ್ಲಗಳೆಯಲು ಆಗುತ್ತಿಲ್ಲ.

‘ಹಾಗಿದ್ದರೆ ನಮ್ಮ ದೇಸಿ ತಳಿ ಸಾಕಿ’ ಎಂಬ ಸಲಹೆ ಬೇಗ ಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ಎತ್ತರದ್ದು, ಆದರೆ ತೆಳು ಮೈಯದ್ದು, ನಮ್ಮ ಬಿಸಿಲಿಗೆ ಒಗ್ಗಿದ್ದು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು, ಆಮೇಲೆ ಸೇನೆಯ ತರಬೇತಿಗೂ ಹೋಯಿತು. ಆದರೆ ಎರೆಹೊಲದ ಬಯಲಿನಲ್ಲಿ ಮೊಲದ ಹಿಂದೆ ಓಡಲೆಂದು ರೂಪುಗೊಂಡ ದೇಹವನ್ನು ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಕಟ್ಟಿಹಾಕಿದರೆ, ನಾಯಿ ದೇಸಿಯಾದ ಮಾತ್ರಕ್ಕೆ ಸಂಕಟ ಕಡಿಮೆಯಾಗುವುದಿಲ್ಲ. ಸರ್ಕಾರದ ದಾರಿಯೂ ತಳಿಯ ಹೆಸರಿನದೇ ಆಗಿತ್ತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ಬಗೆಯ ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿಮಾಡಿ ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಮಾತು ಕೇಳಿಲ್ಲ ಎಂಬುದನ್ನೂ ಕಾರಣವಾಗಿ ಹೇಳಿ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಮಾಡಿತು. ಪಟ್ಟಿ ಮಾಡುವುದು ಸುಲಭ. ಆದರೆ ಹಗ್ಗದ ಇನ್ನೊಂದು ತುದಿಯಲ್ಲಿ ಯಾರಿದ್ದಾರೆ ಎಂಬುದನ್ನು ಪಟ್ಟಿ ಕೇಳುವುದಿಲ್ಲ.

ಕಳೆದ ತಿಂಗಳು ಮನೆಯೊಡತಿ ನನ್ನನ್ನು ಕೂರಿಸಿ ಕಾಫಿ ಕೊಟ್ಟು ಕೇಳಿದರು: ‘ಇವನು ಹೋದ್ಮೇಲೆ ಮನೆ ಬಿಕೋ ಅನ್ಸುತ್ತೆ. ಇಂಥದ್ದೇ ಒಂದು ಮರಿ ಈಗ್ಲೇ ತರಿಸಲಾ ಅಂತಾನೆ ಮಗ. ಏನ್ ಹೇಳ್ತೀಯಮ್ಮ?’ ಆ ಪ್ರಶ್ನೆಯಲ್ಲಿದ್ದ ಒಂಟಿತನ ನಿಜವಾದದ್ದು. ಆದರೂ ಬೇಡ ಎಂದೆ. ಇರುವ ಭೀಮನನ್ನು ನೋಡಿಕೊಳ್ಳುವುದು, ಇನ್ನೊಬ್ಬ ಭೀಮನನ್ನು ಹೇಳಿ ಮಾಡಿಸುವುದು ಎರಡೂ ಒಂದೇ ಪ್ರೀತಿಯ ಎರಡು ಕಂತುಗಳೆಂದು ನಮಗೆ ಅನ್ನಿಸುತ್ತದೆ. ನೀತಿಯ ದೃಷ್ಟಿಯಿಂದ ಅವು ಬೇರೆ ಬೇರೆ. ಮೊದಲನೆಯದು ಋಣ ತೀರಿಸುವುದು, ಎರಡನೆಯದು ಮತ್ತೊಬ್ಬರ ಮೈಮೇಲೆ ಹೊಸ ಸಾಲ ಎತ್ತುವುದು. ಯಾರೋ ಕೈಬಿಟ್ಟ ದೊಡ್ಡ ನಾಯಿಗಳು ಆಶ್ರಯತಾಣಗಳಲ್ಲಿ ಕಾಯುತ್ತಿರುತ್ತವೆ. ಅಂಥದ್ದೊಂದನ್ನು ತಂದರೆ ನಾನು ಜೊತೆಗಿರುತ್ತೇನೆ, ನಾನು ಈ ಊರು ಬಿಟ್ಟರೆ ಅದನ್ನು ಹಿಡಿಯುವವರು ಯಾರು ಎಂಬುದನ್ನು ಮಾತ್ರ ಮೊದಲೇ ನಿಶ್ಚಯಿಸೋಣ ಎಂದೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ.

ಋಣ ಎಂಬ ಮಾತನ್ನು ನಾವು ಸಾಮಾನ್ಯವಾಗಿ ‘ಋಣಾನುಬಂಧ’ ಎಂದು ನಿಟ್ಟುಸಿರಿನ ಜೊತೆ ಬಳಸುತ್ತೇವೆ, ಎಲ್ಲವೂ ಹಿಂದೆಯೇ ತೀರ್ಮಾನವಾದಂತೆ. ನನಗೆ ಅದರ ಲೇವಾದೇವಿಯ ಅರ್ಥವೇ ಹೆಚ್ಚು ಉಪಯುಕ್ತ. ಗಾತ್ರದ ಸುಖ ನನಗೆ ಬಂದಿದೆ. ಅದರ ಬೆಲೆಯನ್ನು ಭೀಮನ ಕೀಲುಗಳು, ರಸ್ತೆ ಗುಡಿಸುವ ಹೆಂಗಸು, ಇಬ್ಬರು ವಯಸ್ಸಾದವರ ಬೆನ್ನು ಕಟ್ಟುತ್ತಿವೆ. ಆ ಬೆಲೆಯಲ್ಲಿ ಎಷ್ಟಾಗುತ್ತದೋ ಅಷ್ಟನ್ನು ನನ್ನ ಕಡೆಗೆ ಎಳೆದುಕೊಳ್ಳುವುದೇ ದೊಡ್ಡ ನಾಯಿಯನ್ನು ಪ್ರೀತಿಸುವವರು ಮಾಡಬೇಕಾದ ಕೆಲಸ. ಈಗ ಪೊರಕೆಯ ಸದ್ದು ಕೇಳಿದರೆ ರಸ್ತೆ ದಾಟುವವರು ನಾವು. ಭೀಮನನ್ನು ಕೂರಿಸಿ, ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಅವರು ಹೋಗುವವರೆಗೆ ನಿಲ್ಲುತ್ತೇವೆ. ನನ್ನ ಫೆಲೋಶಿಪ್‌ನಲ್ಲಿ ಒಂದು ಪಾಲು ಅವನ ಚಿಕಿತ್ಸೆಗೆಂದು ಬೇರೆ ಇಟ್ಟಿದ್ದೇನೆ. ಹಿಂಗಾಲುಗಳು ಸೋತಿರುವುದರಿಂದ ಅವನಿಗೆ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬರಲು ಆಗುವುದಿಲ್ಲ. ಹಾಗಾಗಿ ಮಳೆಗಾಲದ ರಾತ್ರಿಗಳಲ್ಲಿ ಗುಡುಗಿದರೆ ನಾನೇ ದಿಂಬು ಹಿಡಿದು ಕೆಳಗಿಳಿದು ಹೋಗುತ್ತೇನೆ.